ತಾಟಿನ ಬೆನ್ನ ಮೇಲಿನ ಇಂಗ್ಲಿಷ್

ಮಾನ್ವಿಯ ಬಸ್‌ಸ್ಟ್ಯಾಂಡಿನ ಹಿಂದೆ ಸತ್ತಾರ್ ಸಾಬ್ ಅವರ ಸ್ಟೀಲ್ ಪಾತ್ರೆ ಅಂಗಡಿ ಇದೆ. ಅಲ್ಲಿ ಮಾಳಿಂಗಪ್ಪನ ಕೆಲಸ ಪಾತ್ರೆಗಳ ಮೇಲೆ ಹೆಸರು ಕೊರೆಯುವುದು. ಮದುವೆಗೆ ಮುಯ್ಯಿ ಕೊಡುವ ಕೊಡ, ಗುಡಿಗೆ ಒಪ್ಪಿಸುವ ಹಂಡೆ, ತೀರಿಕೊಂಡವರ ನೆನಪಿಗೆ ಹಂಚುವ ತಾಟು, ಯಾವುದೇ ಇರಲಿ, ಗುರ್ರೆನ್ನುವ ಆ ಪುಟ್ಟ ಮಷಿನ್ ಹಿಡಿದು ಮಾಳಿಂಗಪ್ಪ ಕುಳಿತನೆಂದರೆ ಅಕ್ಷರಗಳು ತಾವಾಗಿಯೇ ಸಾಲುಗಟ್ಟುತ್ತಿದ್ದವು. ಆ ಸೀಮೆಯ ಮಂದಿ ಕಾಗದದ ಮೇಲೆ ಬರೆದದ್ದನ್ನು ನಂಬುವುದು ಅಷ್ಟಕ್ಕಷ್ಟೇ. ಆದರೆ ಸ್ಟೀಲಿನ ಮೇಲೆ ಕೊರೆದದ್ದನ್ನು ಇವತ್ತಿನವರೆಗೆ ಯಾರೂ ಅನುಮಾನಿಸಿಲ್ಲ. ಕೊಡ ಯಾರದೆಂಬ ಜಗಳ ಎಷ್ಟೇ ಜೋರಾಗಿರಲಿ, ತಿರುಗಿಸಿ ಹೆಸರು ತೋರಿಸಿದರೆ ಅಲ್ಲಿಗೆ ಮುಗಿಯಿತು.

ಇಂಥ ಮಾನ್ಯ ಮನುಷ್ಯನಿಗೆ ಮಾವನ ಮನೆಯಲ್ಲಿ ಮಾತ್ರ ಕವಡೆ ಕಿಮ್ಮತ್ತಿರಲಿಲ್ಲ. ಮಾವ ಸಿದ್ರಾಮಪ್ಪ ದೇವದುರ್ಗದವನು. ಒಂದು ಕಾಲಕ್ಕೆ ಕುರಿಗಾರರ ಸಂಘದ ಅಧ್ಯಕ್ಷನಾಗಿದ್ದ. ಅಧ್ಯಕ್ಷಗಿರಿ ಹೋಗಿ ವರ್ಷಗಳಾದರೂ ದನಿ ಹೋಗಿರಲಿಲ್ಲ. ಅವನಿಗೆ ಮೂವರು ಹೆಣ್ಣುಮಕ್ಕಳು. ಹಿರಿಯಳು ಉಮಾದೇವಿ ಮಾಳಿಂಗಪ್ಪನ ಹೆಂಡತಿ. ನಡುವಿನವಳು ಚಂದ್ರಕಲಾ, ರಾಯಚೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಪ್ರಭುರಾಜನ ಹೆಂಡತಿ. ಕಿರಿಯಳು ಯಶೋದಾ, ಅವಳ ಮದುವೆ ಆಗಬೇಕಿತ್ತು. ಷಡ್ಡಕ ಪ್ರಭುರಾಜ ಇಂಗ್ಲಿಷ್ ಬಲ್ಲವನು. ಅವನು ಬಂದರೆ ಮಾವ "ಬರ್ರಿ, ಕುಂದರ್ರಿ" ಎಂದು ಕುರ್ಚಿಯ ಧೂಳು ಹೊಡೆಯುತ್ತಿದ್ದ. ಮಾಳಿಂಗಪ್ಪ ಬಂದರೆ "ಬಂದ್ಯಾ? ಚೊಲೊ ಆತು. ಆ ನೀರಿನ ಮೋಟಾರು ಚಾಲೂ ಮಾಡು" ಎನ್ನುತ್ತಿದ್ದ. ಹಿರಿಯ ಅಳಿಯ ತಾನು, ಒಂದು "ರೀ" ಹಚ್ಚಿ ಮಾತಾಡಿದರೆ ಇವರ ಗಂಟೇನು ಹೋಗುತ್ತದೆ ಎಂದು ಮಾಳಿಂಗಪ್ಪ ಬಹಳ ಸಲ ನೊಂದುಕೊಂಡಿದ್ದ.

ಈ ನೋವಿಗೆ ಉಪ್ಪು ಬಿದ್ದದ್ದು ಯಶೋದಾಳ ಸಂಬಂಧದ ಮಾತು ಬಂದಾಗ. ಹುಡುಗ ಹನುಮೇಶ, ಗಿಲ್ಲೆಸುಗೂರಿನವನು, ರಾಯಚೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಲೆಕ್ಚರರ್. ಎರಡು ಸಂಬಂಧ ಮುರಿದುಬಿದ್ದ ಮೇಲೆ ಬಂದದ್ದು ಇದು. ಯಶೋದಾ ಕೂಡ ಹುಡುಗನ ಫೋಟೋ ನೋಡಿ ಮೊದಲ ಸಲ "ಹೂಂ" ಅಂದಿದ್ದಳು. ಇದೂ ತಪ್ಪಿದರೆ ಹುಡುಗಿಯ ಕಾಲ್ಗುಣದ ಮಾತು ಊರಲ್ಲಿ ಏಳುವುದು ಖಂಡಿತವೆಂದು ಮನೆಯಲ್ಲಿ ಎಲ್ಲರಿಗೂ ಅಂಜಿಕೆ. ಮುಂದಿನ ತಿಂಗಳ ಒಂದು ಬುಧವಾರ ಬೀಗರು ಬರುವುದೆಂದು ಗೊತ್ತಾದಾಗ ಸಿದ್ರಾಮಪ್ಪ ಕೆಲಸ ಹಂಚಿದ.

"ಓದಿದ ಮಂದಿ ಬರಾಕತ್ತಾರ. ಮಾತುಕತಿ ಎಲ್ಲಾ ಪ್ರಭುರಾಜ ಅವರು ನೋಡ್ಕೋತಾರ. ಮಾಳಿಂಗಪ್ಪ, ನೀ ನೀರಿಂದು ನೋಡ್ಕೊ."

ನೀರಿಂದು! ಮಾಳಿಂಗಪ್ಪ ಆ ರಾತ್ರಿಯ ಊಟವನ್ನು ಅರ್ಧಕ್ಕೇ ಬಿಟ್ಟೆದ್ದ. ಮರುದಿನವೇ ಅಂಗಡಿಯ ಮಾಳಿಗೆಯ ಮೇಲೆ ಸತ್ತಾರ್ ಸಾಬ್ ಅವರ ಮಗಳು ತಹಮೀನಾ ನಡೆಸುತ್ತಿದ್ದ ಇಂಗ್ಲಿಷ್ ಕ್ಲಾಸಿಗೆ ಸೇರಿದ.

ತಹಮೀನಾ ಟೀಚರ್ ಪದ್ಧತಿ ಹೊಸದು. ವ್ಯಾಕರಣ ಇಲ್ಲ, ಕಂಠಪಾಠ ಇಲ್ಲ. ಇಂಗ್ಲಿಷ್ ಪೇಪರಿನ ಸುದ್ದಿಯಿಂದ ದಿನಕ್ಕೊಂದು ಶಬ್ದ ಆರಿಸುವುದು. ಆ ಶಬ್ದ ಇರುವ ವಾಕ್ಯವನ್ನು ಹಾಗೇ ಇಟ್ಟುಕೊಂಡು ಅದರಲ್ಲಿರುವ ಪರಸ್ಥಳದವರ ಹೆಸರು ತೆಗೆದು ನಮ್ಮವರ ಹೆಸರು ಹಾಕುವುದು. "ನಿಮ್ಮ ಮಂದಿ ಹೆಸರು ಹಾಕಿದ್ರ ಶಬ್ದ ತಲ್ಯಾಗ ಕುಂದರ್ತದ್ರಿ, ಏಳಂದ್ರೂ ಏಳೂದಿಲ್ಲ" ಎಂದು ಆಕೆ ಹೇಳಿದ್ದಳು. ಆಕೆಯ ಮಾತು ನೂರಕ್ಕೆ ನೂರು ನಿಜವೆಂದು ಮುಂದೆ ಮೂರು ಊರುಗಳಿಗೆ ಗೊತ್ತಾಗಲಿತ್ತು.

ಮಾಳಿಂಗಪ್ಪನಿಗೆ ಒಂದೇ ತೊಡಕು. ಪೆನ್ನು ಹಿಡಿದು ಬರೆದದ್ದು ಅವನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಮಷಿನ್ ಹಿಡಿದು ಕೊರೆದದ್ದು ಮಾತ್ರ ಮರೆಯುತ್ತಿರಲಿಲ್ಲ. ಆದ್ದರಿಂದ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಸೊಟ್ಟಗಾದ ತಾಟುಗಳನ್ನು ತೆಗೆದುಕೊಂಡು, ಅವುಗಳ ಬೆನ್ನ ಮೇಲೆ ದಿನಕ್ಕೊಂದು ವಾಕ್ಯ ಕೊರೆದು ಅಭ್ಯಾಸ ಮಾಡತೊಡಗಿದ. ಒಂದು ದಿನ "ವೆಟರನ್" ಎಂಬ ಶಬ್ದ ಬಂತು. ಹಿರಿಯ, ಅನುಭವಿ, ದೊಡ್ಡ ಮನುಷ್ಯ ಎಂದು ಟೀಚರ್ ಅರ್ಥ ಹೇಳಿದಳು. ಮಾಳಿಂಗಪ್ಪನಿಗೆ ಥಟ್ಟನೆ ಮಾವ ನೆನಪಾದ. ಎಷ್ಟೇ ಆಗಲಿ ದೊಡ್ಡ ಮನುಷ್ಯ, ಈ ಶಬ್ದ ಅವರಿಗೇ ಸಲ್ಲಬೇಕೆಂದು ಬಹಳ ಭಕ್ತಿಯಿಂದ ಕೊರೆದ: "ಸಿದ್ರಾಮಪ್ಪ, ಎ ವೆಟರನ್ ಲೀಡರ್ ಆಫ್ ದೇವದುರ್ಗ, ಪಾಸ್ಡ್ ಅವೇ ಆನ್ ಮಂಡೇ ಆಫ್ಟರ್ ಎ ಬ್ರೀಫ್ ಇಲ್‌ನೆಸ್."

ದೇವದುರ್ಗದ ಹಿರಿಯ ಮುಖಂಡ ಸಿದ್ರಾಮಪ್ಪ ಅಲ್ಪಕಾಲದ ಅನಾರೋಗ್ಯದ ನಂತರ ಸೋಮವಾರ ನಿಧನ ಹೊಂದಿದರು ಎಂದು ಇದರ ಅರ್ಥ. ಮಾಳಿಂಗಪ್ಪನ ಗಮನವೆಲ್ಲ ವೆಟರನ್ ಮೇಲಿತ್ತು. ಉಳಿದ ಭಾಗ ವಾಕ್ಯದ ಜೊತೆಗೆ ಬಂದದ್ದು, ಅದಕ್ಕೆ ಅವನೇನು ಮಾಡಿಯಾನು!

ಆ ಬುಧವಾರ ಬೆಳಿಗ್ಗೆ ಮಾಳಿಂಗಪ್ಪ ಇಸ್ತ್ರಿ ಅಂಗಿ ತೊಟ್ಟು, ಕನ್ನಡಿಯ ಮುಂದೆ ನಿಂತು "ವೆಲ್‌ಕಮ್ ಸರ್, ಹೌ ವಾಸ್ ದ ಜರ್ನಿ" ಎಂದು ಬೀಗರಿಗೆ ಹೇಳಬೇಕಾದ ಮಾತನ್ನು ರೂಢಿ ಮಾಡಿಕೊಳ್ಳುತ್ತಿದ್ದ. ಹೋಳಿಗೆಯ ತಯಾರಿಗೆಂದು ಉಮಾದೇವಿ ಸೋಮವಾರವೇ ತವರಿಗೆ ಹೋಗಿದ್ದಳು. ಚಂದ್ರಕಲಾ ಕೂಡ ಅಲ್ಲೇ ಇದ್ದಳು. ಆ ಹೊತ್ತಿಗೆ ರಾಯಚೂರಿನಿಂದ ಪ್ರಭುರಾಜನ ಫೋನು ಬಂತು.

"ಮಾಳಿಂಗಪ್ಪಣ್ಣ, ನಿಮಗೂ ಹೇಳಿಲ್ಲೇನ್ರಿ ಅವರು?"

"ಏನು?"

"ಮಾವನವರು ಹೋಗಿಬಿಟ್ರಣ್ಣ. ಸೋಮವಾರನ ಹೋಗ್ಯಾರ."

ಮಾಳಿಂಗಪ್ಪನ ಕೈಯಲ್ಲಿದ್ದ ಬಾಚಣಿಗೆ ಜಾರಿ ಬಿತ್ತು. "ಎಲ್ಲಿಗೆ ಹೋಗ್ಯಾರ?" ಎಂದು ಕೇಳಿದ. ಸುದ್ದಿ ತಲೆಗೆ ಇಳಿಯಲು ಅಷ್ಟು ಹೊತ್ತು ಬೇಕಾಯಿತು.

"ತೀರಿಕೊಂಡಾರ್ರಿ! ಸುದ್ದಿ ಪಕ್ಕಾ ಅದ. ನಾನs ಕಣ್ಣಾರೆ ಓದೀನಿ. ಬೀಗರು ಬಂದು ಹೋಗೂತನಕ ಸಾವು ಮುಚ್ಚಿಡಬೇಕಂತ ಮಾಡ್ಯಾರ. ಹೆಣಾ ಐಸ್ ಪೆಟ್ಟಿಗ್ಯಾಗ ಇಟ್ಟಿರ್ತಾರ. ನಮ್ಮನಿಯಾಕಿಗೆ ಫೋನ್ ಹಚ್ಚಿದೆ, ಬಂದ್. ಅತ್ತಿಯವರದು ಬಂದ್. ಯಶೋದಾಂದು ಬಂದ್. ಸತ್ತ ಮನಿ ಅಲ್ಲಂದ್ರ ಎಲ್ಲಾರ ಫೋನು ಒಮ್ಮೆಲೆ ಯಾಕ ಬಂದ್ ಆಗ್ತಾವ, ನೀವs ಹೇಳ್ರಿ. ಮಲ್ಲಟದಿಂದ ಆದೆಮ್ಮಾರ ಟೆಂಪೊ ಬರಾಕತ್ತದ. ಅದನ್ನ ಹತ್ತ್ರಿ. ನಾ ಬೈಕ್ ಮ್ಯಾಲೆ ನೇರ ಬರ್ತೀನಿ."

ಬೀಗರು ಬಂದಾಗ ಫೋನುಗಳ ಕಿರಿಕಿರಿ ಬೇಡವೆಂದು ಸಿದ್ರಾಮಪ್ಪನೇ ಮನೆಯವರ ಫೋನುಗಳನ್ನೆಲ್ಲ ಬಂದ್ ಮಾಡಿಸಿ ಕಪಾಟಿನಲ್ಲಿಟ್ಟಿದ್ದ. ಆದರೆ ಇದು ಮಾನ್ವಿಯಲ್ಲಿದ್ದ ಮಾಳಿಂಗಪ್ಪನಿಗೆ ಹೇಗೆ ತಿಳಿಯಬೇಕು? ಅವನೂ ಉಮಾದೇವಿಗೆ ಹಚ್ಚಿ ನೋಡಿದ. ಬಂದ್. ಹಿಂದಿನ ಸಂಜೆ ಆಕೆ ಮೂಗು ಸೊರ್ರೆನ್ನಿಸುತ್ತ "ಆಮ್ಯಾಲ ಮಾತಾಡ್ತೀನ್ರಿ" ಎಂದು ಫೋನು ಇಟ್ಟದ್ದು ನೆನಪಾಯಿತು. ಆಗ ಉಳ್ಳಾಗಡ್ಡಿ ಹೆಚ್ಚುತ್ತಿದ್ದಾಳೆ ಎಂದುಕೊಂಡಿದ್ದ. ಈಗ ತಿಳಿಯಿತು, ಅಯ್ಯೋ, ಅದು ಅಳು! ಮಾವ ಸತ್ತ ದುಃಖ ಒಂದು ಕಡೆ, ಹಿರಿಯ ಅಳಿಯನಿಗೆ ಸಾವಿನ ಸುದ್ದಿಯನ್ನೂ ಹೇಳಲಿಲ್ಲವಲ್ಲ ಎಂಬ ದುಃಖ ಇನ್ನೊಂದು ಕಡೆ. ಎರಡೂ ಸೇರಿ ಮಾಳಿಂಗಪ್ಪ ಇಸ್ತ್ರಿ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡ.

ಟೆಂಪೊ ಬಂದಾಗ ಅದರಲ್ಲಿ ಮಲ್ಲಟದ ಅರ್ಧ ಓಣಿಯೇ ಇತ್ತು. ಎದುರು ಸೀಟಿನಲ್ಲಿ ಆದೆಮ್ಮ. ಸಿದ್ರಾಮಪ್ಪನ ಖಾಸಾ ಅಕ್ಕ. ತನ್ನ ಮಗನ ಮದುವೆಯಲ್ಲಿ ತಮ್ಮ ಉಣ್ಣದೆ ಎದ್ದು ಹೋದನೆಂದು ಸಿಟ್ಟಾಗಿ ಅವಳು ದೇವದುರ್ಗದ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದಳು. ಈಗ ತೊಡೆಯ ಮೇಲೆ ಚೆಂಡುಹೂವಿನ ಹಾರ, ಕಣ್ಣಲ್ಲಿ ಧಾರೆ. ಮಾಳಿಂಗಪ್ಪನನ್ನು ಕಂಡದ್ದೇ ಅವನ ಕೊರಳಿಗೆ ಬಿದ್ದಳು.

"ಅಳಿಯಾ, ನನ್ನ ತಮ್ಮನ ಮಾರಿ ಒಮ್ಮಿ ನೋಡ್ಲಿಲ್ಲೋ!"

"ಅಳಬ್ಯಾಡ ಯವ್ವಾ, ನನಗೂ ಹೇಳ್ಲಿಲ್ಲ" ಎಂದು ಮಾಳಿಂಗಪ್ಪನೂ ಅತ್ತ.

ಬಸ್‌ಸ್ಟ್ಯಾಂಡಿನ ಹತ್ತಿರ ಸತ್ತಾರ್ ಸಾಬ್ ಕೂಡ ಒಂದು ದೊಡ್ಡ ಚೀಲ ಹೊತ್ತುಕೊಂಡು ಹತ್ತಿದರು. ಸಾವಿನ ಮನೆಗೆ ಬಂದ ಮಂದಿಗೆ ಉಣ್ಣಲು ತಾಟು ಸಾಲುವುದಿಲ್ಲವೆಂಬುದು ಅವರ ಇಷ್ಟು ವರ್ಷಗಳ ವ್ಯಾಪಾರದ ಅನುಭವ. "ಸೊಟ್ಟ ತಾಟು ಎಲ್ಲಾ ತುಂಬ್ಕೊಂಡು ಬಂದೀನಿ ಮಾಳಿಂಗಪ್ಪ. ತೀರಿಕೊಂಡೋರ ಮನಿಗೆ ಖಾಲಿ ಕೈಲೆ ಹ್ಯಾಂಗ ಹೋಗೂದು? ಇನ್ನಾಲಿಲ್ಲಾಹಿ... ಭಲೇ ಆದ್ಮಿ ಥೆ, ಚೊಲೊ ಮನಷಾ ಇದ್ರು" ಎಂದು ಕರವಸ್ತ್ರ ತೆಗೆದರು. ಆ ಸಜ್ಜನರ ಚೀಲದಲ್ಲಿ ಏನೇನಿದೆ ಎಂದು ಆಗ ಮಾಳಿಂಗಪ್ಪನಿಗೆ ಹೊಳೆಯಲಿಲ್ಲ.

ಟೆಂಪೊ ಊರು ದಾಟಿತು. ಆದೆಮ್ಮ ಅಳುವುದನ್ನು ಸ್ವಲ್ಪ ನಿಲ್ಲಿಸಿ, ಸೆರಗಿನ ಮರೆಯಿಂದ ಒಂದು ತಾಟು ಹೊರಗೆ ತೆಗೆದಳು.

"ಮಂಗಳವಾರ ಸಂಜಿಕೆ ನಿಮ್ಮ ಅಂಗಡ್ಯಾಗ ತಗೊಂಡೆ ನೋಡು, ಕುರಿಮರಿಗೆ ಹಿಂಡಿ ಇಡಾಕಂತ. ನೀ ಇರ್ಲಿಲ್ಲ, ಕ್ಷೌರಕ್ಕ ಹೋಗಿದ್ದಿ. ಮನಿಗೆ ಬಂದು ತಿರುವಿ ನೋಡಿದ್ರ ಹಿಂದ ಯಾರದೋ ಹೆಸರು ಕೊರದದ. ಮಂದಿ ಹೆಸರಿಂದು ನಮ್ಮನ್ಯಾಗ ಇದ್ರ ನಾಳೆ ಕಳುವಿನ ಮಾತು ಬರ್ತದ ಅಂತ ರಿಟೈರ್ ಮಾಸ್ತರ ಕಡೆ ಓದಿಸಿದೆ. ಅವರು ಓದಿ ತಲಿ ಮ್ಯಾಲೆ ಕೈ ಹೊತ್ತು ಕುಂತರು. ನನ್ನ ತಮ್ಮನ ನೆನಪಿನ ತಾಟಪಾ ಇದು! ಮಾಸ್ತರು ಇದರ ಫೋಟೋ ಪ್ರಭುರಾಜಗ ಕಳಿಸಿದ್ರು. ಅವರೂ ಹೌದಂದ್ರು."

ಮಾಳಿಂಗಪ್ಪ ತಾಟು ನೋಡಿದ. ಡಿ ಅಕ್ಷರದ ಬಾಲವನ್ನು ಕೊಂಚ ಮೇಲಕ್ಕೆ ಸುತ್ತುವುದು ಇಡೀ ಮಾನ್ವಿಯಲ್ಲಿ ಅವನೊಬ್ಬನೇ. ಮಾವ ಸತ್ತಿಲ್ಲ. ಮಾವನನ್ನು ತಾನೇ ಕೊಂದಿದ್ದೇನೆ, ಅದೂ ಇಂಗ್ಲಿಷಿನಲ್ಲಿ! ದೇವದುರ್ಗದಲ್ಲಿ ಅದೇ ಮಾವ ಈ ಹೊತ್ತಿಗೆ ರುಮಾಲು ಸುತ್ತಿಕೊಂಡು ಬೀಗರ ಎದುರಿಗೆ ಕುಳಿತಿರುತ್ತಾನೆ. ಹಾರ ಹಿಡಿದ ಈ ಟೆಂಪೊ ಅಲ್ಲಿಗೆ ಹೋಗಿ ನಿಂತಿತೆಂದರೆ ಯಶೋದಾಳ ಸಂಬಂಧ ಅಲ್ಲಿಗೆ ಮಣ್ಣುಪಾಲು.

"ಟೆಂಪೊ ನಿಂದರಸ್ರಿ!" ಎಂದು ಕೂಗಿದ. "ನಿಂದರಸ್ರಿ, ನನ್ನ ಮಾತು ಕೇಳ್ರಿ, ಮಾವ ಸತ್ತಿಲ್ಲ! ಸತ್ತಿಲ್ರೀ!"

ಹಿಂದಿನ ಸೀಟಿನಿಂದ ದುರುಗಮ್ಮ ಎಂಬ ಮುದುಕಿ ನಿಟ್ಟುಸಿರು ಬಿಟ್ಟಳು. "ಪಾಪ, ದುಃಖ ತಲಿಗೆ ಏರ್ಯದ. ನಮ್ಮ ಭಾವ ಸತ್ತಾಗ ನಮ್ಮಕ್ಕನೂ ಹಿಂಗs ಅಂತಿದ್ಲು."

"ಅಲ್ಲಬೇ ಯವ್ವಾ, ಇದನ್ನ ಬರದಾಂವ ನಾನು! ಅಭ್ಯಾಸಕ್ಕಂತ ಬರದೀನಿ!"

ಸತ್ತಾರ್ ಸಾಬ್ ಅವನ ಬೆನ್ನು ಸವರಿದರು. "ಮಾಳಿಂಗಪ್ಪ, ಧೀರಜ್ ತಗೊ. ಪ್ರಭುರಾಜ ಸಾಹೇಬ್ರು ಫೋನ್ನ್ಯಾಗ ಹೇಳ್ಯಾರ, ಇದ್ರಾಗ ಒಂದ್ ತಪ್ಪಿಲ್ಲ ಅಂತ. ನಿನಗ ಇಷ್ಟು ಇಂಗ್ಲಿಷ್ ಎಲ್ಲಿಂದ ಬರಬೇಕು? ಯಾರೋ ಓದಿದೋರು ಆರ್ಡರ್ ಕೊಟ್ಟಿರ್ಬೇಕು, ನಿನಗ ನೆನಪು ಹೋಗ್ಯದ. ನೀರು ಕುಡಿ."

ಎಲ್ಲರೂ ಅವನಿಗೆ ನೀರು ಕುಡಿಸಿದರು, ನೆತ್ತಿಗೆ ತಟ್ಟಿದರು, ಯಾರೋ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಮಾಳಿಂಗಪ್ಪ ಹೇಳಿದಷ್ಟೂ ಅವರ ಕನಿಕರ ಹೆಚ್ಚಿತು. ಜೀವಮಾನದಲ್ಲಿ ಮೊದಲ ಸಲ ತಪ್ಪಿಲ್ಲದ ಒಂದು ಇಂಗ್ಲಿಷ್ ವಾಕ್ಯ ಬರೆದ ತಪ್ಪಿಗೆ ಅವನ ಮಾತನ್ನು ನಂಬುವವರು ಆ ಟೆಂಪೊದಲ್ಲಿ ಒಬ್ಬರೂ ಇರಲಿಲ್ಲ.

ದೇವದುರ್ಗದ ಓಣಿಯಲ್ಲಿ ಸಿದ್ರಾಮಪ್ಪನ ಮನೆಯ ಮುಂದೆ ಬೀಗರ ಜೀಪು ನಿಂತಿತ್ತು. ಒಳಗೆ ಪಡಸಾಲೆಯಲ್ಲಿ ಕಂಬಳಿ ಹಾಸಿ, ಬೀಗರಾಗಲಿದ್ದ ಗಿಲ್ಲೆಸುಗೂರಿನ ಹಿರಿಯರನ್ನು ಕೂರಿಸಿ, ಸಿದ್ರಾಮಪ್ಪ ಅವರ ಕೈಗೆ ಶಿರಾದ ಬಸಿ ಕೊಟ್ಟಿದ್ದನಷ್ಟೇ. ಹುಡುಗ ಹನುಮೇಶ ತಲೆ ತಗ್ಗಿಸಿ ಕುಳಿತಿದ್ದ. ಪ್ರಭುರಾಜ ಇನ್ನೂ ಯಾಕೆ ಬರಲಿಲ್ಲವೆಂದು ಸಿದ್ರಾಮಪ್ಪ ಬಾಗಿಲ ಕಡೆ ನೋಡುವ ಹೊತ್ತಿಗೆ ಹೊರಗೆ ಏಕಕಾಲಕ್ಕೆ ಮೂವತ್ತು ಕಂಠಗಳು ಬಾಯಿ ತೆಗೆದವು.

ನಮ್ಮ ಕಡೆ ಹೆಣ್ಣುಮಕ್ಕಳು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರ ಹುಟ್ಟಿನಿಂದ ಹಿಡಿದು ಸಾಯುವತನಕದ ಎಲ್ಲ ಸಂಗತಿಯೂ ಆ ಹಾಡಿನಲ್ಲಿ ಬರುತ್ತದೆ, ಕಣ್ಣು ಮಾತ್ರ ಮುಚ್ಚಿರುತ್ತದೆ. ಆದೆಮ್ಮ ಹೊಸ್ತಿಲಲ್ಲೇ ಕುಸಿದು, ಎದೆ ಬಡಿದುಕೊಂಡು, ಕಣ್ಣು ಮುಚ್ಚಿ ಶುರು ಮಾಡಿಯೇಬಿಟ್ಟಳು.

"ನನ್ನ ತಮ್ಮಾ... ಬಗಲಾಗ ಹೊತ್ತು ಬೆಳೆಸಿದ್ನೆಲ್ಲೋ... ನೀ ಕಳಕೊಂಡ ಟಗರಿಗಿ ಅಪ್ಪನ ಕಡೆ ನಾ ಹೊಡಸ್ಕೊಂಡ್ನೆಲ್ಲೋ... ಸಂಘದ ಅಧ್ಯಕ್ಷ ಆದ್ರೂ ಮಂದಿ ರೊಕ್ಕದಾಗ ಒಂದು ಚಾ ಕುಡಿಲಿಲ್ಲೆಲ್ಲೋ..."

ಪಡಸಾಲೆಯಲ್ಲಿ ಗಿಲ್ಲೆಸುಗೂರಿನ ಹಿರಿಯರು ಬಾಯಿಗೆ ಒಯ್ದ ಶಿರಾವನ್ನು ಅಲ್ಲೇ ನಿಲ್ಲಿಸಿದರು. ಸಿದ್ರಾಮಪ್ಪ ಎದ್ದು ನಿಂತ. ಯಾರೋ ಸತ್ತಿದ್ದಾರೆ, ಅದೂ ತನ್ನ ಮನೆಯಲ್ಲೇ, ಆದರೆ ಯಾರೆಂದು ಅವನಿಗೆ ತಿಳಿಯದು.

"...ನನ್ನ ಮಗನ ಮದುವ್ಯಾಗ ತುಪ್ಪ ಕಡಿಮಿ ಬಿತ್ತಂತ ಉಣ್ಣದ ಎದ್ದು ಹೋದೆಲ್ಲೋ..."

ಈಗ ಸಿದ್ರಾಮಪ್ಪನಿಗೆ ತಿಳಿಯಿತು. ಸತ್ತದ್ದು ತಾನೇ. ಆದರೆ ಅದಕ್ಕಿಂತ ಹೆಚ್ಚಾಗಿ ಅವನನ್ನು ಕೆಣಕಿದ್ದು ತುಪ್ಪದ ಮಾತು.

"ಕಡಿಮಿ ಬಿದ್ದದ್ದಲ್ಲಬೇ ಅಕ್ಕಾ!" ಎಂದು ಗುಡುಗಿದ. "ಹಾಕೇs ಇಲ್ಲ! ನನ್ನ ಎಲಿ ದಾಟಿ ಮುಂದಿನ ಎಲಿಗೆ ಹಾಕ್ಯಾರ!"

"ಹಾಕಿದ್ರೋ ತಮ್ಮಾ... ನಾನs ಬಡಿಸೀನೋ..." ಎಂದು ಆದೆಮ್ಮ ಅದೇ ರಾಗದಲ್ಲಿ ಉತ್ತರ ಕೊಟ್ಟಳು.

"ಸುಳ್ಳು!"

"ಸುಳ್ಳಲ್ಲೋ..." ಎಂದವಳು ಸಟಕ್ಕನೆ ಕಣ್ಣು ತೆರೆದಳು. ಎದುರಿಗೆ ರುಮಾಲು ಸುತ್ತಿದ ತಮ್ಮ. ಅವಳ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಹಿಂದಿದ್ದ ದುರುಗಮ್ಮ "ಯವ್ವಾ, ದೆವ್ವ!" ಎಂದು ಸತ್ತಾರ್ ಸಾಬ್ ಅವರನ್ನು ಅಪ್ಪಿಕೊಂಡಳು. ಒಳಗಿನಿಂದ ಉಮಾದೇವಿ, ಚಂದ್ರಕಲಾ, ಯಶೋದಾ ಹೋಳಿಗೆಯ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಅದೇ ಗಳಿಗೆಗೆ ಬೈಕಿನಿಂದಿಳಿದ ಪ್ರಭುರಾಜ ಬಿಳಿ ಹೂವಿನ ದೊಡ್ಡ ಚಕ್ರವೊಂದನ್ನು ಎದೆಗವಚಿಕೊಂಡು ಒಳಗೆ ಬಂದು, ಮಾವನನ್ನು ನೋಡಿ, ಏನು ಮಾಡಬೇಕೆಂದು ತೋಚದೆ ಅದನ್ನು ಮಾವನ ಕೈಗೇ ಕೊಟ್ಟುಬಿಟ್ಟ.

ಸಿದ್ರಾಮಪ್ಪ ಹೂವಿನ ಚಕ್ರ ನೋಡಿದ, ಹಾರಗಳನ್ನು ನೋಡಿದ, ಆಮೇಲೆ ಬೀಗರ ಮುಖ ನೋಡಿದ. ಆ ಮುಖಗಳಲ್ಲಿ ರಕ್ತವಿರಲಿಲ್ಲ.

"ನಾ ಸತ್ತೀನಂತ ಹೇಳಿದಾಂವ ಯಾವ?"

ಆದೆಮ್ಮ ತಾಟು ಮುಂದೆ ಮಾಡಿದಳು. ಸಿದ್ರಾಮಪ್ಪ ಅದನ್ನು ಪ್ರಭುರಾಜನಿಗೆ ಕೊಟ್ಟ. ಪ್ರಭುರಾಜ ಓದಿ, ಅರ್ಥ ಹೇಳಿದ. ಯಶೋದಾ ಕಂಬ ಹಿಡಿದು ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ಮಾಳಿಂಗಪ್ಪ ಅದನ್ನು ನೋಡಿದ.

"ಯಾವ ಮಗ ಬರದದ್ದು ಇದನ್ನ?"

"ಯಾರೋ ಭಾಳ ಓದಿದೋರು ಮಾವ" ಎಂದ ಪ್ರಭುರಾಜ. "ಒಂದು ಕಾಮಾ ಸುದ್ದಾ ತಪ್ಪಿಲ್ಲ. ಹೈದರಾಬಾದ ಕಡೆಯೋರು ಬರೆಸಿರಬೇಕು. ನಮ್ಮ ಬ್ಯಾಂಕಿನ್ಯಾಗೂ ಇಂಥಾ ಇಂಗ್ಲಿಷ್ ಬರೆಯೋರಿಲ್ಲ."

ನೋಡಿ, ವಿಧಿ ಮಾಳಿಂಗಪ್ಪನಿಗೆ ಬಾಗಿಲು ತೆರೆದು ಕೊಟ್ಟಿತ್ತು. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಅಪರಾಧ ಹೈದರಾಬಾದಿನ ಪಾಲಾಗಿ ಅವನು ನೀರಿನ ಮೋಟಾರಿನ ಹತ್ತಿರ ಹೋಗಿ ಬಚಾವಾಗುತ್ತಿದ್ದ. ಆದರೆ ಷಡ್ಡಕನ ಬಾಯಿಂದ ತನ್ನ ಇಂಗ್ಲಿಷಿನ ಹೊಗಳಿಕೆ ಕೇಳಿ ಸುಮ್ಮನಿರಲು ಅವನೇನು ಕಲ್ಲೇ?

"ನಾ ಬರದೀನಿ!" ಎಂದು ಎದೆ ತಟ್ಟಿಕೊಂಡು ಮುಂದೆ ಬಂದ. "ಹೈದರಾಬಾದ ಅಲ್ಲ, ಪೈದರಾಬಾದ ಅಲ್ಲ. ಅದು ನನ್ನ ಇಂಗ್ಲಿಷ್!"

"ಸುಮ್ನಿರು ಮಾಳಿಂಗಪ್ಪ" ಎಂದ ಸಿದ್ರಾಮಪ್ಪ. "ಇಂಥಾ ಹೊತ್ತಿನ್ಯಾಗ ನಗಚಾಟಿಕಿ ಮಾಡಬ್ಯಾಡ."

"ಆಣಿ ಮಾಡಿ ಹೇಳ್ತೀನಿ ಮಾವ, ನಿಮ್ಮನ್ನ ಕೊಂದಾಂವ ನಾನು!"

ಈ ಮಾತಿಗೆ ಗಿಲ್ಲೆಸುಗೂರಿನ ಹಿರಿಯರು ಶಿರಾದ ಬಸಿ ಕೆಳಗಿಟ್ಟು ಚಪ್ಪಲಿ ಎಲ್ಲಿದೆ ಎಂದು ನೋಡತೊಡಗಿದರು. ಆಗ ಸತ್ತಾರ್ ಸಾಬ್ ಅವರಿಗೆ ಏನೋ ಹೊಳೆಯಿತು. ಚೀಲ ಬಿಚ್ಚಿ, ಒಂದು ತಾಟು ತೆಗೆದು ತಿರುಗಿಸಿ ನೋಡಿದರು. ಇನ್ನೊಂದು ತಿರುಗಿಸಿದರು. "ಯಾ ಅಲ್ಲಾ, ಎಲ್ಲಾದ್ರ ಹಿಂದೂ ಬರದದ!"

ಹುಡುಗ ಹನುಮೇಶ ಮೊದಲ ಸಲ ತಲೆ ಎತ್ತಿದ. ಎದ್ದು ಬಂದು ಒಂದು ತಾಟು ಎತ್ತಿಕೊಂಡು ಓದಿ, ಕನ್ನಡದಲ್ಲಿ ಹೇಳಿದ: "ಪಾತ್ರೆ ವ್ಯಾಪಾರಿ ಸತ್ತಾರ್ ಸಾಬ್ ಅವರನ್ನ ಪೊಲೀಸರು ಹೆಚ್ಚಿನ ವಿಚಾರಣೆಗಾಗಿ ವಶಕ್ಕೆ ಪಡೆದಾರ."

"ನನ್ನs?" ಎಂದರು ಸತ್ತಾರ್ ಸಾಬ್, ಗೋಡೆಗೆ ಒರಗಿ. "ಸಂಬಳ ಕೊಡಾಂವನ್ನs?"

ಹನುಮೇಶ ಎರಡನೆಯದನ್ನು ಎತ್ತಿದ. "ಬ್ಯಾಂಕ್ ನೌಕರ ಪ್ರಭುರಾಜ ಎರಡು ದಿನಗಳಿಂದ ತಲೆಮರೆಸಿಕೊಂಡಾನ. ವ್ಯಾಪಕ ಶೋಧ ನಡದದ."

ಚಂದ್ರಕಲಾ ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಎರಡು ದಿನ ಎಲ್ಲಿದ್ರಿ?" ಎಂದು ಮೆಲ್ಲಗೆ ಕೇಳಿದಳು.

ಮೂರನೆಯದನ್ನು ಓದುವಾಗ ಹನುಮೇಶನ ದನಿ ಅಲುಗಾಡತೊಡಗಿತು. "ಚಂಡಮಾರುತ ಉಮಾದೇವಿ ಇನ್ನಷ್ಟು ಬಲಗೊಂಡು ದಡಕ್ಕೆ ಅಪ್ಪಳಿಸಲಿದ್ದಾಳ. ತಗ್ಗು ಪ್ರದೇಶದವರು ಸುರಕ್ಷಿತ ಜಾಗಕ್ಕ ತೆರಳಬೇಕು."

ಉಮಾದೇವಿ ಹಿಟ್ಟಿನ ಕೈ ಸೊಂಟಕ್ಕಿಟ್ಟುಕೊಂಡಳು. ಮಾಳಿಂಗಪ್ಪ ಕಂಬದ ಹಿಂದೆ ಸರಿದ. ಇದನ್ನೆಲ್ಲ ಬರೆದವನು ಇವನೇ ಎಂಬುದರಲ್ಲಿ ಈಗ ಯಾರಿಗೂ ಅನುಮಾನ ಉಳಿಯಲಿಲ್ಲ. ಹನುಮೇಶ ತಡೆಯಲಾರದೆ ನಕ್ಕುಬಿಟ್ಟ. ಅವನು ನಕ್ಕದ್ದನ್ನು ನೋಡಿ ಯಶೋದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಮಾಳಿಂಗಪ್ಪನಿಗೆ ತಿಳಿಯಲಿಲ್ಲ.

ಸಿದ್ರಾಮಪ್ಪ ಮಾತ್ರ ನಗಲಿಲ್ಲ. ಹೂವಿನ ಚಕ್ರ ಪಕ್ಕಕ್ಕಿಟ್ಟು ಹಿರಿಯ ಅಳಿಯನ ಮುಂದೆ ಬಂದು ನಿಂತ.

"ಆತು. ಸತ್ತೀನಂತ ನೀನ ಬರದಿ. ಈಗ ಬೀಗರ ಮುಂದ, ನನ್ನ ಅಕ್ಕನ ಮುಂದ, ಅದs ತಾಟಿನ ಮ್ಯಾಲೆ ಇಂಗ್ಲಿಷಿನ್ಯಾಗ ಬರಿ. ಸಿದ್ರಾಮಪ್ಪ ಬದುಕ್ಯಾನ, ಆರಾಮ ಅದಾನ ಅಂತ. ಬರಿ!"

ಸತ್ತಾರ್ ಸಾಬ್ ಅಂಗಿಯ ಜೇಬಿನಿಂದ ಮೊಳೆಯೊಂದನ್ನು ತೆಗೆದುಕೊಟ್ಟರು. ಮಾಳಿಂಗಪ್ಪ ತಾಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಸಿದ್ರಾಮಪ್ಪ ಎಂದು ಗೀಚಿದ. ಅಲ್ಲಿಗೆ ನಿಂತಿತು. ಕಲಿತ ಶಬ್ದಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡ. ಬಂಧನ ಬಂತು, ಕುಸಿತ ಬಂತು, ಡಿಕ್ಕಿ ಬಂತು, ರಾಜೀನಾಮೆ ಬಂತು, ಸೋಂಕು, ಲಾಠಿಪ್ರಹಾರ, ಮೇಘಸ್ಫೋಟ, ಎಲ್ಲವೂ ಬಂದವು. ಹಣೆಯಿಂದ ಬೆವರು ತಾಟಿನ ಮೇಲೆ ಬಿತ್ತು. ಇಡೀ ಪಡಸಾಲೆ ಅವನ ಕೈಯನ್ನೇ ನೋಡುತ್ತಿತ್ತು.

"ಯಾಕ ನಿಂತಿ?" ಎಂದ ಸಿದ್ರಾಮಪ್ಪ.

ಮಾಳಿಂಗಪ್ಪ ತಲೆ ಎತ್ತಿದ. ಅವನ ಕಣ್ಣಲ್ಲಿ ನೀರಿತ್ತು.

"ಬರೂದಿಲ್ಲ ಮಾವ. ನಾ ಕಲ್ತಿದ್ದೆಲ್ಲಾ ಪೇಪರಿನ ಇಂಗ್ಲಿಷ್. ಮನ್ಯಾಗ ಆರಾಮ ಇದ್ದೋರ ಸುದ್ದಿ ಪೇಪರಿನ್ಯಾಗ ಯಾವತ್ತೂ ಬರಲಿಲ್ಲ."

ಗಿಲ್ಲೆಸುಗೂರಿನ ಹಿರಿಯರಲ್ಲೊಬ್ಬರು ಗಂಟಲು ಸರಿಮಾಡಿಕೊಂಡರು. ಸಂಬಂಧ ಬೇಡವೆನ್ನುತ್ತಾರೆಂದೇ ಎಲ್ಲರೂ ಅಂದುಕೊಂಡರು.

"ಸಿದ್ರಾಮಪ್ಪನವರs, ಒಂದು ಮಾತು ಹೇಳ್ತೀನಿ. ಹೆಣ್ಣು ತರೂಕಿಂತ ಮೊದ್ಲು ಮನೆತನ ಹ್ಯಾಂಗದ ಅಂತ ನಾಕು ಕಡೆ ಕೇಳೂದು ನಮ್ಮ ರೂಢಿ. ನಿಮ್ಮೂರಿನ್ಯಾಗ ಯಾರನ್ನ ಕೇಳಿದ್ರೂ ನಿಮಗ ಅಂಜಿ ಚೊಲೊ ಅದ ಚೊಲೊ ಅದ ಅಂದ್ರು. ಅನುಮಾನದಾಗs ಬಂದಿದ್ವಿ. ಈಗ ಈ ಯವ್ವ ಹೊಸ್ತಿಲದಾಗ ಕುಂತು ನಿಮ್ಮ ಗುಣಾನೂ ಹೇಳಿದ್ಲು, ತುಪ್ಪದ ಸಿಟ್ಟೂ ಹೇಳಿದ್ಲು. ಮಾತು ಬಿಟ್ಟಿದ್ರೂ ಸಾವಂದಕೂಡ್ಲೆ ಓಡಿ ಬಂದ್ಲು. ಟೆಂಪೊ ತುಂಬ ಮಂದಿ ಕೆಲಸ ಬಿಟ್ಟು ಬಂದ್ರು. ಸಾಹೇಬ್ರು ತಾಟು ಹೊತ್ಕೊಂಡು ಬಂದ್ರು. ಇನ್ನ ಯಾರನ್ನ ಕೇಳೂದದ ನಾವು? ಹೋಳಿಗಿ ಬಡಸ್ರಿ."

ಆದೆಮ್ಮ ತನ್ನ ಕೈಯಲ್ಲಿದ್ದ ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತಳು. ಆಮೇಲೆ ಅದನ್ನು ತಮ್ಮನ ಕೊರಳಿಗೇ ಹಾಕಿ, ಅವನ ಕೆನ್ನೆಗೊಂದು ಮೆಲ್ಲಗೆ ಬಿಟ್ಟಳು. ಮೂವತ್ತು ಮಂದಿ ಸೊಟ್ಟ ತಾಟುಗಳಲ್ಲಿ ಹೋಳಿಗೆ ಉಂಡರು. ಸಿದ್ರಾಮಪ್ಪನ ಹೋಳಿಗೆಗೆ ಆದೆಮ್ಮ ಖುದ್ದಾಗಿ ತುಪ್ಪ ಸುರಿದಳು, ತಾಟು ತುಂಬಿ ಹರಿಯುವತನಕ ಸುರಿದಳು. ಮಾಳಿಂಗಪ್ಪ ಎಲ್ಲರಿಗೂ ನೀರು ಕೊಟ್ಟ. ಚಂಡಮಾರುತ ಅಡುಗೆಮನೆಯಲ್ಲಿ ಅವನಿಗಾಗಿ ಕಾಯುತ್ತಿತ್ತು.

ಯಶೋದಾಳ ಮದುವೆಯಾಗಿ ತಿಂಗಳುಗಳೇ ಕಳೆದಿವೆ. ಮದುವೆಯ ಪಾತ್ರೆಗಳ ಮೇಲೆಲ್ಲ ಮಾಳಿಂಗಪ್ಪ ಕನ್ನಡದಲ್ಲೇ ಹೆಸರು ಕೊರೆದ. ತನ್ನ ಸಾವು ಕೊರೆದ ಆ ತಾಟನ್ನು ಮಾತ್ರ ಸಿದ್ರಾಮಪ್ಪ ಯಾರಿಗೂ ಕೊಡದೆ ತನ್ನ ಮಂಚದ ಕೆಳಗೆ ಇಟ್ಟುಕೊಂಡಿದ್ದಾನೆ. ಎಷ್ಟೇ ಆಗಲಿ ಸ್ಟೀಲಿನ ಮೇಲೆ ಕೊರೆದದ್ದು, ಯಾವ ಸೋಮವಾರ ಎಂದು ಅದರಲ್ಲಿ ಬರೆದಿಲ್ಲ. ಆದ್ದರಿಂದ ಅವನು ಸೋಮವಾರ ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಬೈಕು ಹತ್ತುವುದಿಲ್ಲ, ಬಾವಿಯ ಹತ್ತಿರ ಸುಳಿಯುವುದಿಲ್ಲ, ಒಂದು ಸೀನು ಬಂದರೂ ಹಾಸಿಗೆ ಹಿಡಿಯುತ್ತಾನೆ. ಮಂಗಳವಾರ ಬೆಳಕು ಹರಿದ ಕೂಡಲೇ ಮಾನ್ವಿಯಲ್ಲಿ ಮಾಳಿಂಗಪ್ಪನ ಫೋನು ರಿಂಗಾಗುತ್ತದೆ.

"ಅಳಿಯಂದ್ರs, ನಾ ಸಿದ್ರಾಮಪ್ಪ. ಇವತ್ತು ಮಂಗಳವಾರ. ಆರಾಮ ಅದೀನಿ. ಬರಕೋರಿ."